ಪಾಳಿ ಹಚ್ಚದ ನೀಲವ್ವತ್ತೆ

ಸರದಿಯ ಸಾಲಿಗೆ ನಮ್ಮ ಕಡೆ ಪಾಳಿ ಎನ್ನುತ್ತೇವೆ. ಬ್ಯಾಂಕಿನಲ್ಲಾಗಲಿ, ದವಾಖಾನೆಯಲ್ಲಾಗಲಿ, ಪಾಳಿ ಕಂಡ ಕೂಡಲೇ ಉಳಿದವರೆಲ್ಲ ಅದರ ಬಾಲ ಎಲ್ಲಿದೆ ಎಂದು ಹುಡುಕುತ್ತಾರೆ. ನನ್ನ ಕಾಲುಗಳು ಮಾತ್ರ ನನ್ನನ್ನು ಕೇಳದೆಯೇ ಅದರ ತಲೆಯ ಕಡೆಗೆ ನಡೆದುಬಿಡುತ್ತವೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ‘ಸಾಲು, ಸಾಲು’ ಎಂದು ಬೆತ್ತ ತೋರಿಸಿದವಳಿಗೆ ಇದು ಶೋಭಿಸುವ ಚಟವಲ್ಲ, ಒಪ್ಪುತ್ತೇನೆ. ‘ಅಮ್ಮಾ, ಹಿಂದೆ ಪಾಳಿ ಇದೆ’ ಎಂದು ಯಾರಾದರೂ ಗದರಿದಾಗ ‘ಹೌದೇ? ಕಾಣಲೇ ಇಲ್ಲ ನೋಡಿ’ ಎಂದು ಚಷ್ಮಾ ತೆಗೆದು ಒರೆಸಿಕೊಳ್ಳುವ ಕಲೆಯೂ ನನಗೆ ಸಿದ್ಧಿಸಿದೆ.

ಮೊನ್ನೆ ಮೊಮ್ಮಗಳು ನನ್ನನ್ನು ಒಂದು ದೊಡ್ಡ ಮನರಂಜನೆಯ ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು. ಗಾಳಿಯಲ್ಲಿ ತಲೆಕೆಳಗಾಗಿ ಹೋಗುವ ಒಂದು ಯಂತ್ರದ ಮುಂದೆ ನೂರಾರು ಜನರ ಪಾಳಿ. ಪಕ್ಕದಲ್ಲೇ ಒಂದು ಖಾಲಿ ದಾರಿ. ಹೆಚ್ಚಿನ ದುಡ್ಡು ಕೊಟ್ಟವರು ಆ ದಾರಿಯಲ್ಲಿ ಹೋಗಿ, ಪಾಳಿ ಹಚ್ಚದೆ ನೇರವಾಗಿ ತಲೆಕೆಳಗಾಗಬಹುದು ಎಂದು ಬೋರ್ಡು ಬರೆದಿದ್ದರು. ಅದನ್ನು ಓದಿ ನಾನು ಒಬ್ಬಳೇ ನಕ್ಕೆ. ಈ ವಿದ್ಯೆಯನ್ನು ಒಂದು ಪೈಸೆ ಖರ್ಚಿಲ್ಲದೆ ಕಲಿಸಿಕೊಟ್ಟ ಗುರು ನನಗಿದ್ದಳು. ಅವಳೇ ನಮ್ಮ ನೀಲವ್ವತ್ತೆ, ಅಪ್ಪನ ಅಕ್ಕ.

ನೀಲವ್ವತ್ತೆಯ ಊರು ಇರಕಲ್ಲಗಡ. ಅಪ್ಪನಿಗೆ ಗಂಗಾವತಿಯ ಕಾಲುವೆ ಆಫೀಸಿನಲ್ಲಿ ಕಾರಕೂನಿಕೆ. ಹಾಗಾಗಿ ನಾವು ಗಂಗಾವತಿಯಲ್ಲಿದ್ದೆವು. ಅತ್ತೆ ಬೇಸಿಗೆಗೆ ನಮ್ಮ ಮನೆಗೆ ಬರುತ್ತಿದ್ದಳು. ಹೋಗುವಾಗ ರಜೆ ಮುಗಿಯುವವರೆಗೆ ನನ್ನನ್ನೂ ತನ್ನ ಊರಿಗೆ ಕರೆದೊಯ್ಯುತ್ತಿದ್ದಳು. ಗಟ್ಟಿ ಆಳು. ಹಣೆಯ ಮೇಲೆ ಎಂಟಾಣೆ ಅಗಲದ ಕುಂಕುಮ. ದನಿ ಎಷ್ಟು ದೊಡ್ಡದೆಂದರೆ ಹೊಲದಲ್ಲಿ ಅವಳು ಎತ್ತನ್ನು ಬೈದರೆ ಪಕ್ಕದ ಹೊಲದ ಎತ್ತು ನಿಲ್ಲುತ್ತಿತ್ತಂತೆ. ಇದು ಅಪ್ಪ ಹೇಳಿದ್ದು, ಅವಳು ಮನೆಯಲ್ಲಿಲ್ಲದಾಗ.

ಅತ್ತೆಗೆ ಪಾಳಿ ಕಂಡರೆ ಆಗುತ್ತಿರಲಿಲ್ಲ. ‘ಪಾಳಿ ಹಚ್ಚೋದು ಅಂದ್ರ ಏನಬೇ? ಮುಂದಿನವರ ಬೆನ್ನು ನೋಡಿಕೋತ ಆಯುಷ್ಯ ಕಳಿಯೋದು. ನನಗ ಅಷ್ಟು ಪುರುಸೊತ್ತಿಲ್ಲ’ ಎನ್ನುತ್ತಿದ್ದಳು. ರೇಷನ್ ಅಂಗಡಿಯ ಮುಂದೆ ಹತ್ತು ಜನ ನಿಂತಿದ್ದರೆ ಹತ್ತೂ ಜನರ ಕಾಯಿಲೆ, ಕಷ್ಟ, ಮಗಳ ಬಾಣಂತನ ವಿಚಾರಿಸುತ್ತ ವಿಚಾರಿಸುತ್ತ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗಿ, ಹತ್ತನೆಯವರ ಸುಖದುಃಖ ಮುಗಿಯುವ ಹೊತ್ತಿಗೆ ತಕ್ಕಡಿಯ ಮುಂದೆ ನಿಂತಿರುತ್ತಿದ್ದಳು. ಯಾರೂ ತಕರಾರು ಮಾಡುತ್ತಿರಲಿಲ್ಲ. ತಮ್ಮ ಮೊಣಕಾಲು ನೋವು ಕೇಳಿದವಳ ಮೇಲೆ ಸಿಟ್ಟು ಬರುವುದಾದರೂ ಹೇಗೆ?

ಬಸ್ಸಿನ ವಿಷಯದಲ್ಲಿ ಮಾತ್ರ ಅವಳ ಸಾಧನ ನಾನು. ಉಳಿದವರು ಸೀಟು ಹಿಡಿಯಲು ಕಿಟಕಿಯಿಂದ ಟವೆಲ್ಲು ಒಗೆಯುತ್ತಿದ್ದರು. ಅತ್ತೆ ನನ್ನನ್ನು ಒಗೆಯುತ್ತಿದ್ದಳು. ‘ಟಾವೆಲ್ ಯಾರರೇ ತಗದು ಒಗದಾರು, ಹುಡುಗಿನ್ನ ಹೆಂಗ ಒಗೀತಾರ?’ ಎನ್ನುವುದು ಅವಳ ತರ್ಕ. ಒಮ್ಮೆ ಕೊಪ್ಪಳದ ಸ್ಟ್ಯಾಂಡಿನಲ್ಲಿ ಹಾಗೆ ನನ್ನನ್ನು ಕಿಟಕಿಯಿಂದ ತುರುಕಿ, ತಾನು ಬಾಗಿಲ ಕಡೆ ಗುದ್ದಾಡುತ್ತಿರುವಾಗಲೇ ಬಸ್ಸು ಹೊರಟುಬಿಟ್ಟಿತು. ಅದು ಇರಕಲ್ಲಗಡದ ಬಸ್ಸೂ ಆಗಿರಲಿಲ್ಲ. ಕಂಡಕ್ಟರು ‘ಮಂಗಳೂರು, ಮಂಗಳೂರು’ ಎಂದು ಕೂಗುತ್ತಿದ್ದ. ನಾನಾಗ ನಾಲ್ಕನೇ ಇಯತ್ತೆ. ಮಂಗಳೂರು ಒಂದು ಬಂದರು, ಅಲ್ಲಿ ಹಡಗು ನಿಲ್ಲುತ್ತವೆ ಎಂದು ಆ ವರ್ಷವೇ ಬಾಯಿಪಾಠ ಮಾಡಿದ್ದೆ. ಅಳಬೇಕೆಂದುಕೊಂಡವಳು ಹಡಗು ನೋಡಬಹುದಲ್ಲ ಎಂದು ಕಣ್ಣೊರೆಸಿಕೊಂಡು ಕುಳಿತೆ. ಒಂದೂವರೆ ತಾಸಿನ ಮೇಲೆ ಬಸ್ಸು ನಿಂತಾಗ ಎದುರಿಗೆ ಒಂದು ಹುಣಸೆಮರ, ಅದರ ಕೆಳಗೆ ಎಂಟು ಆಡು.

‘ಸಮುದ್ರ ಎಲ್ಲೈತ್ರಿ?’ ಎಂದೆ.

ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಇದು ಯಲಬುರ್ಗಿ ಮಂಗಳೂರವ್ವ. ಇಲ್ಲಿ ಬಾವಿ ಅದಾವ, ನಡೀತೈತೇನು?’

ಅದೇ ಬಸ್ಸಿನಲ್ಲಿ ವಾಪಸು ಬಂದೆ. ಸ್ಟ್ಯಾಂಡಿನಲ್ಲಿ ಅತ್ತೆ ನಿಯಂತ್ರಕರ ಕೋಣೆಯ ಮುಂದೆ ಕುಳಿತು, ಬಸ್ಸು ತನ್ನ ಸೊಸೆಯನ್ನು ಕದ್ದುಕೊಂಡು ಹೋಗಿದೆ ಎಂದು ಇಡೀ ಸ್ಟ್ಯಾಂಡಿಗೆ ಹಕೀಕತ್ತು ಹೇಳುತ್ತಿದ್ದಳು. ಅಣ್ಣ ತಮ್ಮಂದಿರ ಹೆಣ್ಣುಮಕ್ಕಳೆಲ್ಲ ನಮ್ಮ ಕಡೆ ಅತ್ತೆಯರಿಗೆ ಸೊಸೆಯರೇ ತಾನೆ. ನನ್ನನ್ನು ಕಂಡದ್ದೇ ಅಪ್ಪಿಕೊಂಡು ಅವಳು ಕೇಳಿದ ಮೊದಲ ಮಾತು: ‘ಸೀಟು ಸಿಕ್ಕಿತ್ತಿಲ್ಲ?’

ಇರಲಿ, ನಾನು ಹೇಳಹೊರಟದ್ದು ತೊಟ್ಟಿಲ ಕತೆ. ಎಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ ಗಂಗಾವತಿಯ ಬಯಲಿಗೆ ಎಕ್ಸಿಬಿಷನ್ ಬಂತು. ಬಳೆ ಅಂಗಡಿ, ಮಿರ್ಚಿ ಭಜಿ, ಸರ್ಪದ ಮೈಗೆ ಹುಡುಗಿಯ ತಲೆ ಇರುವ ಡೇರೆ, ಎಲ್ಲಕ್ಕಿಂತ ಎತ್ತರಕ್ಕೆ ಒಂದು ರಾಟೆ ತೊಟ್ಟಿಲು. ಊರಿನವರೆಲ್ಲ ಅದನ್ನು ‘ಜಾಯಿಂಟ್ ವೀಲ್’ ಎನ್ನುತ್ತಿದ್ದರು. ಅದು ಜಾಯಿಂಟ್ ಅಲ್ಲ, ಜಯಂಟ್ ಎಂದು ನನಗೆ ಗೊತ್ತಾದದ್ದು ಟಿ.ಸಿ.ಎಚ್. ಓದುವಾಗ. ಆದರೆ ಅದರ ನಟ್ಟು ಬೋಲ್ಟುಗಳು ಮಾಡುತ್ತಿದ್ದ ಸದ್ದು ನೆನೆದರೆ ಜಾಯಿಂಟ್ ಎನ್ನುವುದೇ ಸರಿ ಅನಿಸುತ್ತದೆ.

ಆ ವರ್ಷ ಅತ್ತೆ ಚೀಲ ಇಳಿಸುವ ಮೊದಲೇ ‘ಬಸೂ, ಆ ತೊಟ್ಟಿಲ ಎಲ್ಲಿ ಐತೋ?’ ಎಂದು ಅಪ್ಪನನ್ನು ಕೇಳಿದಳು. ಅವಳು ಬಂದದ್ದೇ ಅದಕ್ಕಾಗಿ. ಕಾರಣ ಶಿವಗಂಗವ್ವ.

ಶಿವಗಂಗವ್ವ, ನೀಲವ್ವತ್ತೆ ಇಬ್ಬರೂ ಒಂದೇ ವರ್ಷ ಇರಕಲ್ಲಗಡದ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ಮನೆಗೆ ಹೋಗದೆ ಊಟವಿರಲಿಲ್ಲ. ಇಪ್ಪತ್ತು ವರ್ಷದ ಆ ಗೆಳೆತನ ಹಿಂದಿನ ಬೇಸಿಗೆಯಲ್ಲಿ ಓಣಿಯ ಕೈಪಂಪಿನ ಬೋರಿಂಗಿನ ಮುಂದೆ ಮುರಿದುಬಿದ್ದಿತ್ತು. ಪಾಳಿಯಲ್ಲಿ ಶಿವಗಂಗವ್ವ ಇಟ್ಟುಹೋಗಿದ್ದ ಕೊಡವನ್ನು ಅತ್ತೆ ಸ್ವಲ್ಪ ಹಿಂದಕ್ಕೆ ಸರಿಸಿ ತನ್ನ ಕೊಡ ಮುಂದಿಟ್ಟಿದ್ದಳು. ಸ್ವಲ್ಪ ಎಂದರೆ ಹನ್ನೊಂದು ಕೊಡದಷ್ಟು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಏನಾದರೂ ಹೇಳಬೇಕಾದರೆ ನಡುವೆ ಮೂರನೆಯವರನ್ನೋ ನಾಯಿಯನ್ನೋ ಇಟ್ಟುಕೊಂಡು ಹೇಳುತ್ತಿದ್ದರು. ಶಿವಗಂಗವ್ವ ಗಂಡನ ಜೊತೆ ಗಂಗಾವತಿಗೆ ಬಂದು ಎಕ್ಸಿಬಿಷನ್ ನೋಡಿಕೊಂಡು ಹೋದವಳು, ಬೋರಿಂಗಿನ ಬಳಿ ಎಲ್ಲರ ಮುಂದೆ ಹೀಗೆ ಹೇಳಿದ್ದಳಂತೆ: ‘ತೊಟ್ಟಿಲ ಮ್ಯಾಲೆ ಹೋದ್ರ ತುಂಗಭದ್ರಾ ಡ್ಯಾಮು ಸ್ವಚ್ಛ ಕಾಣ್ತೈತಿ. ಆದ್ರ ಎಲ್ಲಾರೂ ಹತ್ತಾಕ ಆಗಂಗಿಲ್ಲ ಬಿಡ್ರವ್ವ. ಅಲ್ಲಿ ಪಾಳಿ ಹಚ್ಚಬೇಕು. ಮಂದಿ ಕೊಡ ಸರಿಸಿದಂಗ ಅಲ್ಲ.’

ಈ ಮಾತು ಅತ್ತೆಗೆ ಮುಳ್ಳಿನಂತೆ ನೆಟ್ಟಿತ್ತು. ತೊಟ್ಟಿಲು ಹತ್ತಲೇಬೇಕು, ಅದೂ ಪಾಳಿ ಹಚ್ಚದೆ. ‘ಆಕಿ ಮಾರಿ ಮ್ಯಾಲೆ ಹೊಡದಂಗ ಹೇಳಬೇಕು ನೋಡ ಶಾರೀ, ಡ್ಯಾಮ್ ಕಂಡೆ, ಪಾಳೀನೂ ಹಚ್ಚಲಿಲ್ಲ ಅಂತ’ ಎಂದು ನನಗೆ ಹೇಳಿದಳು. ಖರ್ಚಿಗೆಂದು ಅವಳು ತಂದದ್ದು ಸೆರಗಿನ ಗಂಟಿನಲ್ಲಿದ್ದಷ್ಟೇ. ತೊಟ್ಟಿಲಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ಗಂಟು ಬಿಚ್ಚಬಾರದೆಂದು ಕರಾರು. ಭಜಿಯ ವಾಸನೆ ಬಂದಾಗ ಮೂಗು ಮುಚ್ಚಿಕೊಳ್ಳಬೇಕು. ಹಸಿವಾದರೆ ಮನೆಯಿಂದ ತಂದ ರೊಟ್ಟಿ, ಶೇಂಗಾ ಹಿಂಡಿ.

ಮೊದಲ ಸಲ ಹೋದದ್ದು ಒಂದು ಭಾನುವಾರ ಸಂಜೆ. ಪಾಳಿ ತೊಟ್ಟಿಲ ಬಾಗಿಲಿನಿಂದ ಶುರುವಾಗಿ ಬಳೆ ಅಂಗಡಿ ಸುತ್ತಿ ಸರ್ಪಹುಡುಗಿಯ ಡೇರೆಯವರೆಗೆ ಹೋಗಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲ ಬಳಿ ಲಾಠಿ ಹಿಡಿದು ನಿಂತಿದ್ದ ಆಳಿನ ಹತ್ತಿರ ಹೋಗಿ ಕೇಳಿದಳು:

‘ಯಪ್ಪಾ, ಹೆಣ್ಮಕ್ಕಳ ಪಾಳಿ ಎಲ್ಲಿ ಐತಿ?’

‘ಹೆಣ್ಮಕ್ಕಳಿಗೆ ಬ್ಯಾರೆ ಪಾಳಿ ಇಲ್ರಿ.’

‘ಇಲ್ಲಂದ್ರ? ಸಿನಿಮಾ ಟಾಕೀಜಿನ್ಯಾಗ ಐತಿ, ರೇಷನ್ ಅಂಗಡ್ಯಾಗ ಐತಿ, ಇಲ್ಲಿ ಯಾಕಿಲ್ಲ? ಗಂಡಸರ ನಡುವ ನಾವು ತುಳಸ್ಕೋತ ನಿಂದ್ರಬೇಕೇನು?’

ಅವನು ತಲೆ ಕೆರೆದುಕೊಂಡ. ಅತ್ತೆ ಅವನ ಉತ್ತರಕ್ಕೆ ಕಾಯಲಿಲ್ಲ. ಬಾಗಿಲ ಎಡಗಡೆಗೆ ಹೋಗಿ ನಿಂತು, ನನ್ನನ್ನು ತನ್ನ ಹಿಂದೆ ನಿಲ್ಲಿಸಿಕೊಂಡು, ‘ಇದ ನೋಡ್ರವ್ವ ಹೆಣ್ಮಕ್ಕಳ ಪಾಳಿ!’ ಎಂದು ಕೂಗಿದಳು. ಪಾಳಿಯೆಂದರೆ ಆ ಕ್ಷಣದಲ್ಲಿ ನಾವಿಬ್ಬರೇ. ಆದರೆ ಅದು ಎತ್ತನ್ನು ನಿಲ್ಲಿಸುವ ದನಿಯಲ್ಲವೇ? ಎಲ್ಲೆಲ್ಲಿದ್ದರೋ ಹೆಂಗಸರು, ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಬಂದರು. ಐದು ನಿಮಿಷದಲ್ಲಿ ನಮ್ಮ ಹಿಂದೆ ಐವತ್ತು ಜನ. ಅತ್ತೆ ಹೆಮ್ಮೆಯಿಂದ ಹಿಂತಿರುಗಿ ನೋಡಿ, ‘ಬುದ್ಧಿ ಇರಬೇಕಬೇ, ಬುದ್ಧಿ’ ಎಂದಳು.

ಗದ್ದಲ ನೋಡಿ ಮ್ಯಾನೇಜರು ಬಂದ. ಹೆಣ್ಣುಮಕ್ಕಳಿಗೆ ಬೇರೆ ಪಾಳಿ ಇರಲಿ ಎಂದು ಒಪ್ಪಿಯೇಬಿಟ್ಟ. ಅತ್ತೆ ಸೆರಗಿನ ಗಂಟಿಗೆ ಕೈ ಹಾಕಿದಳು. ಮ್ಯಾನೇಜರು ಮುಂದುವರಿಸಿದ: ‘ಆದ್ರ ಈ ಬಾಗಲಾ ಗಂಡಸರದು. ಹೆಣ್ಮಕ್ಕಳು ಆ ಕಡಿ ಬಾಗಲಲೆ ಬರ್ರಿ. ಎಲ್ಲಾರೂ ನಿಂತಲ್ಲೇ ಹೊಳ್ಳಿ ನಿಂದರ್ರಿ!’

ಐವತ್ತು ಹೆಂಗಸರು ನಿಂತಲ್ಲೇ ಹಿಂದಕ್ಕೆ ತಿರುಗಿದರು. ಪಾಳಿಯ ಬಾಲ ತಲೆಯಾಯಿತು. ಪಾಳಿ ಹುಟ್ಟಿಸಿದವಳೇ ಕೊನೆಯವಳಾದಳು. ಅವಳಿಗಿಂತ ಕೊನೆಗೆ ಯಾರೆಂದರೆ ನಾನು. ಮುಂದಿದ್ದ ಒಬ್ಬ ಅಜ್ಜಿ ಹೊರಳಿ ನೋಡಿ, ‘ಯಾವ ಪುಣ್ಯಾತಗಿತ್ತಿ ಈ ಪಾಳಿ ಮಾಡಿಸಿದ್ಲೋ, ಆಕಿ ಹೊಟ್ಟಿ ತಣ್ಣಗಿರಲಿ’ ಎಂದು ಹರಸಿದಳು. ಅತ್ತೆ ನನ್ನ ಕೈ ಹಿಡಿದು ಸೀದಾ ಮನೆಗೆ ನಡೆದಳು.

ಎರಡನೆಯ ಸಲದ ಯೋಜನೆ ಮೂರ್ಛೆ ಹೋಗುವುದು. ಪಾಳಿಯ ನಡುವೆ ಹೋಗಿ ಅತ್ತೆ ತಲೆತಿರುಗಿ ಬೀಳಬೇಕು. ನಾನು ‘ಅತ್ತೀ!’ ಎಂದು ಅಳಬೇಕು. ಜನ ದಾರಿ ಬಿಟ್ಟು ಅವಳನ್ನು ಬಾಗಿಲ ಬಳಿಯ ನೆರಳಿಗೆ ಒಯ್ಯುತ್ತಾರೆ. ಬಾಗಿಲು ಬಂದ ಕೂಡಲೇ ಅವಳಿಗೆ ಎಚ್ಚರವಾಗುತ್ತದೆ. ‘ಒಂಚೂರು ಗಾಳಿ ಬೇಕಾಗೇತಿ’ ಎಂದು ತೊಟ್ಟಿಲು ಹತ್ತುವುದು. ಹಿಂದಿನ ದಿನ ಅಡಿಗೆಮನೆಯಲ್ಲಿ ಎರಡು ಸಲ ತಾಲೀಮು ಮಾಡಿದೆವು. ಎರಡನೆಯ ಸಲ ಅವ್ವ ನಿಜವೆಂದೇ ತಿಳಿದು ಒಂದು ತಂಬಿಗೆ ನೀರು ಸುರಿದುಬಿಟ್ಟಳು.

ಅತ್ತೆ ಬಿದ್ದದ್ದು ಚೆನ್ನಾಗಿಯೇ ಬಿದ್ದಳು. ನಾನು ಅತ್ತದ್ದು ಸ್ವಲ್ಪ ಹೆಚ್ಚಾಯಿತು. ಶಾಲೆಯ ಗ್ಯಾದರಿಂಗಿನಲ್ಲಿ ನನಗೆ ಮಾತಿಲ್ಲದ ಗಿಡದ ಪಾತ್ರ ಕೊಟ್ಟಿದ್ದರು. ಆ ಸೇಡನ್ನೆಲ್ಲ ಇಲ್ಲಿ ತೀರಿಸಿಕೊಂಡೆ. ‘ಅತ್ತೀ, ನನ್ನ ಬಿಟ್ಟು ಹೋಗಬ್ಯಾಡಬೇ!’ ಎಂದು ನೆಲಕ್ಕೆ ಬಿದ್ದು ಹೊರಳಿದೆ. ಜನ ಗಾಬರಿಯಾದರು. ನಾಲ್ಕು ಜನ ಅತ್ತೆಯನ್ನು ಎತ್ತಿಕೊಂಡರು. ಆದರೆ ಹೊತ್ತದ್ದು ಬಾಗಿಲ ಕಡೆಗಲ್ಲ, ದೂರದ ಚಹಾದಂಗಡಿಯ ಬಾಕಿನ ಕಡೆಗೆ. ಅತ್ತೆ ಒಂದು ಕಣ್ಣು ಅರೆ ತೆರೆದು ದಿಕ್ಕು ತಪ್ಪಿದ್ದನ್ನು ನೋಡಿದಳು. ಏನು ಮಾಡುವುದು, ಮೂರ್ಛೆ ಹೋದವರು ದಾರಿ ಹೇಳುವಂತಿಲ್ಲ. ಯಾರೋ ‘ಚಪ್ಲಿ ಮೂಸಿಸ್ರಿ’ ಎಂದರು. ಒಬ್ಬ ರೈತ ತನ್ನ ಕಾಲಿನ ದೊಡ್ಡ ಚಪ್ಪಲಿ ತೆಗೆದು ಮೂಗಿನ ಮುಂದೆ ಹಿಡಿಯಲು ಬಗ್ಗಿದ್ದನಷ್ಟೇ, ಅತ್ತೆ ಜಿಗಿದು ಎದ್ದು ಕುಳಿತಳು. ‘ಏನ್ ಪವರ್ ಐತ್ರಿ ಚಪ್ಲಿಗೆ!’ ಎಂದು ಎಲ್ಲರೂ ಆ ಚಪ್ಪಲಿಯನ್ನು ಕೊಂಡಾಡಿದರು.

ಅಷ್ಟರಲ್ಲಿ ಮೈಕಿನವನು ಕೂಗತೊಡಗಿದ: ‘ನೋಡಿರಿ ಮಹನೀಯರೇ! ನಮ್ಮ ಭಯಂಕರ ಜಾಯಿಂಟ್ ವೀಲ್! ಹತ್ತುವುದಿರಲಿ, ಬರೀ ನೋಡಿಯೇ ಒಬ್ಬ ತಾಯಿ ಮೂರ್ಛೆ ಹೋಗಿದ್ದಾರೆ! ಧೈರ್ಯವಿದ್ದವರು ಮಾತ್ರ ಬನ್ನಿ!’ ಅದನ್ನು ಕೇಳಿ ಸರ್ಪಹುಡುಗಿಯ ಡೇರೆಯಲ್ಲಿದ್ದವರೂ ಎದ್ದು ಬಂದು ತೊಟ್ಟಿಲ ಪಾಳಿಗೆ ಸೇರಿಕೊಂಡರು. ಲಾಠಿಯವನು ಅತ್ತೆಯ ಹತ್ತಿರ ಬಂದು, ‘ಯಕ್ಕಾ, ನೀವು ಮಾತ್ರ ಈ ಕಡಿ ಹಾಯಬ್ಯಾಡ್ರಿ. ಏನರೇ ಆದ್ರ ಯಾರು ಜಿಮ್ಮಾ?’ ಎಂದು ಕೈಮುಗಿದ.

ಆ ದಿನ ಊಟಕ್ಕೆ ಕುಳಿತಾಗ ಅಪ್ಪ ಮೆಲ್ಲಗೆ ಹೇಳಿದ: ‘ಅಕ್ಕಾ, ಪಾಳಿ ಹಚ್ಚಿದ್ರ ಇಷ್ಟೊತ್ತಿಗೆ ನಾಕು ಸಲ ಹತ್ತಿ ಇಳೀತಿದ್ದಿ.’ ಅಪ್ಪ ಜೀವಮಾನವಿಡೀ ಪಾಳಿ ಹಚ್ಚಿದ ಮನುಷ್ಯ. ಮುಂದೆ ಯಾರೂ ಇಲ್ಲದಿದ್ದರೂ ಸ್ವಲ್ಪ ಹಿಂದೆಯೇ ನಿಲ್ಲುವವನು. ಅತ್ತೆ ಅನ್ನ ಕಲಸುತ್ತಲೇ ಇದ್ದಳು. ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: ‘ಬಸೂ, ಆ ಮಂದಿಯೆಲ್ಲಾ ಮಧ್ಯಾಹ್ನ ಎಲ್ಲಿರ್ತಾರೋ?’

‘ಈ ಬಿಸಲಾಗ ಯಾರ್ ಬರ್ತಾರಕ್ಕ? ಮನ್ಯಾಗ ಮಲಗಿರ್ತಾರ.’

ಅತ್ತೆಯ ಕೈ ನಿಂತಿತು. ಮುಖ ಅರಳಿತು.

ಗಂಗಾವತಿಯ ಮೇ ತಿಂಗಳ ಮಧ್ಯಾಹ್ನ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿ ತಿಳಿಸುವುದು ಕಷ್ಟ. ಕಾಗೆಗಳೂ ಕೊಕ್ಕು ತೆರೆದುಕೊಂಡು ನೆರಳಿನಲ್ಲಿ ಕೂರುತ್ತವೆ. ಎಕ್ಸಿಬಿಷನ್ನಿನ ಕೊನೆಯ ವಾರದ ಅಂಥ ಒಂದು ಮಧ್ಯಾಹ್ನ ರೊಟ್ಟಿಯ ಗಂಟು, ಒಂದು ತಂಬಿಗೆ ನೀರು ಹಿಡಿದುಕೊಂಡು ಹೋದೆವು. ಒಳಗೆ ಹೋಗಲು ಟಿಕೇಟು ಕೇಳುವವರೂ ಇರಲಿಲ್ಲ. ಅಂಗಡಿಗಳ ಪರದೆ ಇಳಿಬಿದ್ದಿದ್ದವು. ಸರ್ಪಹುಡುಗಿ ಡೇರೆಯ ಹಿಂದೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಎರಡು ಕಾಲೂ ಇದ್ದವು. ತೊಟ್ಟಿಲ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅತ್ತೆ ಆ ಖಾಲಿ ಬಯಲನ್ನು ಕಣ್ತುಂಬ ನೋಡಿ, ‘ನೋಡಬೇ ಶಾರೀ, ಇದಕ್ಕಂತಾರ ರಾಜಮರ್ಯಾದಿ’ ಎಂದಳು.

ತೊಟ್ಟಿಲು ತಿರುಗಿಸುವವನು ಮೋಟರಿನ ನೆರಳಿನಲ್ಲಿ ಮಲಗಿದ್ದ. ಆಂಧ್ರದ ಕಡೆಯವನು, ಹೆಸರು ಸುಬ್ಬಯ್ಯ. ಎಬ್ಬಿಸಿದ್ದಕ್ಕೆ ಮೊದಲು ರೇಗಿದ. ಅತ್ತೆ ಅವನ ಊರು, ಅವನ ತಾಯಿಯ ಆರೋಗ್ಯ, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಕೇಳಿ ಎರಡು ರೊಟ್ಟಿ ಕೈಗಿಟ್ಟ ಮೇಲೆ ಮೆತ್ತಗಾದ.

‘ಇಬ್ಬರೇ ಕುಂತ್ರೆ ತಿರಗಲ್ಲಮ್ಮಾ. ಆ ಕಡೆ ತೂಕ ಬೇಕು’ ಎಂದು ಅತ್ತೆಯನ್ನು ಕಣ್ಣಲ್ಲೇ ಅಳೆದ. ಎದುರಿನ ತೊಟ್ಟಿಲಿಗೆ ಉಸುಕಿನ ಒಂದು ಚೀಲ ಹಾಕಿದ. ಮತ್ತೊಮ್ಮೆ ಅತ್ತೆಯನ್ನು ನೋಡಿದ. ಇನ್ನೊಂದು ಚೀಲ ಹಾಕಿದ. ಮೂರನೆಯದಕ್ಕೆ ಕೈ ಹಾಕಿದಾಗ ಅತ್ತೆ ‘ಸಾಕು!’ ಎಂದು ಗದರಿದಳು.

ಪಾಳಿ ಏಕೆ ಇಲ್ಲ ಎನ್ನುವುದು ಕುಳಿತ ಮೇಲೆ ತಿಳಿಯಿತು. ತಗಡಿನ ಸೀಟು ರೊಟ್ಟಿ ಹಂಚಿನಂತೆ ಕಾದಿತ್ತು. ನಾನು ಕೂತ ವೇಗದಲ್ಲೇ ಎದ್ದೆ. ಅತ್ತೆ ತಂಬಿಗೆಯ ನೀರನ್ನೆಲ್ಲ ಸೀಟಿಗೆ ಸುರಿದಳು. ಚುಂಯ್ ಎಂದು ಹೊಗೆಯೆದ್ದಿತು. ಹೀಗೆ ಕುಡಿಯುವ ನೀರೂ ಮುಗಿಯಿತು. ರೊಟ್ಟಿ ಕಟ್ಟಿದ್ದ ಬಟ್ಟೆ ಹಾಸಿಕೊಂಡು ಕುಳಿತೆವು. ಸುಬ್ಬಯ್ಯ ಮೋಟರು ಹಚ್ಚಿದ. ಬಯಲು ಕೆಳಗಿಳಿಯಿತು, ಹೊಟ್ಟೆ ಮೇಲೇರಿತು. ಒಂದು ಸುತ್ತು, ಎರಡು ಸುತ್ತು. ಅತ್ತೆ ನನ್ನ ಕೈಯನ್ನು ಹಿಂಡಿಹಾಕುತ್ತ, ಕಣ್ಣು ಮುಚ್ಚಿ, ಊರಿನ ಎಲ್ಲ ದೇವರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಮೂರನೆಯ ಸುತ್ತಿನಲ್ಲಿ ನಾವು ತುತ್ತತುದಿಗೆ ಬಂದಾಗ ತೊಟ್ಟಿಲು ನಿಂತಿತು.

ಕೆಳಗಿನಿಂದ ಸುಬ್ಬಯ್ಯನ ದನಿ ಬಂತು: ‘ಅಮ್ಮಾ, ಕರೆಂಟ್ ಪೋಯಿಂದಿ! ಹೋಯ್ತು! ಭಯಪಡಬೇಡಿ, ಕೂರ್ಚೋಂಡಿ!’ ಕೂತಿರದೆ ಮತ್ತೇನು ಮಾಡಲು ಸಾಧ್ಯವಿತ್ತು? ಜನರೇಟರು ಬರುವುದು ಸಂಜೆಗಂತೆ. ಯಾರನ್ನಾದರೂ ಕರೆದು ತರುತ್ತೇನೆಂದು ಅವನು ಹೊರಟುಹೋದ. ಆಕಾಶ, ಬಿಸಿಲು, ಅತ್ತೆ, ನಾನು ಉಳಿದೆವು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಅಕ್ಕಿ ಗಿರಣಿಗಳ ಚಿಮಣಿ ಕಂಡವು, ತಗಡಿನ ಮಾಳಿಗೆಗಳು ಕಂಡವು, ಕಾಲುವೆಯ ಗೆರೆ ಕಂಡಿತು. ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಒಣಗಿದ ಬಟ್ಟೆ ತೆಗೆಯುತ್ತಿದ್ದದ್ದೂ ಕಂಡಿತು. ಸುತ್ತಲೂ ಬಂಡೆಯ ಗುಡ್ಡಗಳು.

‘ಡ್ಯಾಮ್ ಎಲ್ಲೈತಬೇ?’

ನಾನು ಭೂಗೋಳದ ಜಾಣೆ. ಪಡುವಣದ ಕಡೆ ಕೈ ತೋರಿಸಿದೆ. ‘ಆ ಕಡಿ ಐತತ್ತಿ. ಆದ್ರ ಗುಡ್ಡ ಅಡ್ಡ ಅದಾವ. ಇಲ್ಲಿಂದ ಎಂದೂ ಕಾಣಂಗಿಲ್ಲ.’

ಅತ್ತೆ ಗುಡ್ಡಗಳನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಹೊಳೆಯಿತು. ‘ಅಂದ್ರ... ಆಕಿ ಹತ್ತೇ ಇಲ್ಲ! ಶಿವಗಂಗಿ ಹತ್ತೇ ಇಲ್ಲಬೇ!’ ಎಂದು ನಗತೊಡಗಿದಳು. ಅವಳು ನಕ್ಕ ಹಾಗೆಲ್ಲ ತೊಟ್ಟಿಲು ತೂಗಾಡಿತು. ತೂಗಾಡಿದ ಹಾಗೆಲ್ಲ ನಾನು ಕಿರುಚಿದೆ. ಆಮೇಲೆ ಇಬ್ಬರೂ ಉಳಿದ ರೊಟ್ಟಿ ತಿಂದೆವು. ಗಂಟಲಿಗೆ ಸಿಕ್ಕಿಕೊಂಡರೆ ಕುಡಿಯಲು ನೀರಿಲ್ಲ. ಆ ನೀರಿನ ಮೇಲೆ ಕುಳಿತಿದ್ದೆವು.

ಒಂದು ತಾಸಾಗಿರಬೇಕು. ಕೆಳಗಿನ ದಾರಿಯಲ್ಲಿ ಅಪ್ಪ ಸೈಕಲ್ಲಿನ ಮೇಲೆ ಆಫೀಸಿಗೆ ಹೋಗುತ್ತಿರುವುದು ಕಂಡಿತು. ‘ಏ ಬಸೂ!’ ಎಂದು ಅತ್ತೆ ಕೂಗಿದಳು. ಅಪ್ಪ ಬ್ರೇಕು ಹಿಡಿದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದೆ ನೋಡಿದ. ತಲೆಗೆ ಬಿಸಿಲು ಹತ್ತಿತೆಂದುಕೊಂಡನೋ ಏನೋ, ಟೊಪ್ಪಿಗೆ ಸರಿಮಾಡಿಕೊಂಡ. ಎರಡನೆಯ ಸಲ ಕೂಗಿದಾಗ ಮೇಲೆ ನೋಡಿದ. ಸೈಕಲ್ಲಿನಿಂದ ಇಳಿದು, ದೊಡ್ಡವರ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತು ಕೇಳಿದ:

‘ಅಕ್ಕಾ, ಅಲ್ಲೇನ್ ಮಾಡಾಕತ್ತಿ?’

‘ಗಾಳಿ ತಗೊಳ್ಳಾಕತ್ತೀನಿ! ಇಳಸೋ ಮೊದಲ!’

ಅಪ್ಪ ಹತ್ತಿರದ ಗಿರಣಿಗೆ ಹೋಗಿ ನಾಲ್ಕು ಜನ ಹಮಾಲರನ್ನು ಕರೆತಂದ. ಹಮಾಲರು ಚೀಲ ಕಂಡರೆ ಸುಮ್ಮನಿರುತ್ತಾರೆಯೇ? ನೇರ ಉಸುಕಿನ ಚೀಲಗಳಿಗೇ ಕೈ ಹಾಕಿದರು. ಆಗ ದೂರದಿಂದ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡ ಸುಬ್ಬಯ್ಯ ಓಡಿಬಂದ. ‘ತೀಯೊದ್ದು, ತೀಯೊದ್ದು! ಮೂಟೆ ತೆಗೆದ್ರೆ ಅಮ್ಮಗಾರು ಜುಯ್ ಅಂತ ಕೆಳಗೆ ಬರ್ತಾರೆ!’ ಹಮಾಲರ ಕೈ ಚೀಲದ ಮೇಲೇ ನಿಂತಿತು. ಎಲ್ಲರೂ ಒಟ್ಟಾಗಿ ಮೇಲೆ ನೋಡಿದರು. ಅತ್ತೆ ಮೊದಲ ಬಾರಿಗೆ ಬಹಳ ಸಣ್ಣ ದನಿಯಲ್ಲಿ, ‘ಯಪ್ಪಗೋಳ್ರಾ, ಚೀಲ ಅಲ್ಲೇ ಇರಲಿ’ ಎಂದಳು.

ಆಮೇಲೆ ನಾಲ್ವರೂ ಕಬ್ಬಿಣದ ತೋಳು ಹಿಡಿದು, ‘ಐಸಾ’ ಎನ್ನುತ್ತ, ಗೇಣು ಗೇಣಾಗಿ ಎಳೆದು ನಮ್ಮನ್ನು ನೆಲಕ್ಕೆ ಮುಟ್ಟಿಸಿದರು. ಸುಬ್ಬಯ್ಯ ಕ್ಷಮೆ ಕೇಳಲು ಬಾಯಿ ತೆರೆದ. ಅತ್ತೆಯೇ ಅವನನ್ನು ತಡೆದಳು. ‘ಒಂದು ಟಿಕೀಟಿಗೆ ಎಲ್ಲಾರನ್ನೂ ಐದು ಮಿಂಟು ಕುಂದ್ರಸ್ತಿ, ನಮ್ಮನ್ನ ಒಂದು ತಾಸು ಕುಂದ್ರಿಸಿದಿ. ನಿನಗ ಛಲೋ ಕನ್ಯಾ ಸಿಗಲಿ’ ಎಂದಳು.

ಮರುವಾರ ಇರಕಲ್ಲಗಡಕ್ಕೆ ಹೊರಟೆವು. ಬಸ್ಸಿನಲ್ಲಿ ಅತ್ತೆ ತುಟಿಯಲ್ಲೇ ಮಾತು ತಾಲೀಮು ಮಾಡುತ್ತಿದ್ದಳು. ‘ಏನವಾ ಶಿವಗಂಗವ್ವ, ಗುಡ್ಡ ಸರಿಸಿ ಡ್ಯಾಮ್ ನೋಡಿದಿಯೇನು?’ ಎಂದು ಕೇಳಬೇಕೋ, ‘ಯಾವ ಕಣ್ಣಿಲೆ ನೋಡಿದಿ?’ ಎಂದು ಕೇಳಬೇಕೋ ಎಂದು ನನ್ನ ಅಭಿಪ್ರಾಯವನ್ನೂ ಕೇಳಿದಳು. ನಾನು ಎರಡನೆಯದಕ್ಕೆ ಮತ ಹಾಕಿದೆ.

ಮರುದಿನ ಬೆಳಗ್ಗೆ ಬೋರಿಂಗಿನ ಬಳಿ ಎಂದಿನಂತೆ ಪಾಳಿ. ನಾವು ಹೋದ ಕೂಡಲೇ ಹೆಂಗಸರೆಲ್ಲ ಸುತ್ತಿಕೊಂಡರು. ಒಬ್ಬಳು ಕೇಳಿಯೇಬಿಟ್ಟಳು: ‘ತೊಟ್ಟಿಲ ಹತ್ತಿದೇನು ನೀಲಕ್ಕ? ಡ್ಯಾಮ್ ಕಂಡಿತೇನು?’

ಶಿವಗಂಗವ್ವ ಬೋರಿಂಗಿನ ಹಿಡಿಕೆ ಹಿಡಿದು ನೀರು ಹೊಡೆಯುತ್ತಿದ್ದಳು. ಆ ಪ್ರಶ್ನೆಗೆ ಅವಳ ಕೈ ನಿಂತುಬಿಟ್ಟಿತು. ಅವಳು ಇತ್ತ ತಿರುಗಲಿಲ್ಲ. ಕೊರಳು ಬಗ್ಗಿಸಿ ತುಂಬಿದ ಕೊಡವನ್ನೇ ನೋಡುತ್ತ ನಿಂತಳು, ಛಡಿ ಏಟಿಗೆ ಕಾಯುವ ಹುಡುಗಿಯ ಹಾಗೆ. ಎಲ್ಲರೂ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ತಾಲೀಮಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು.

ಅತ್ತೆ ಆ ಬಗ್ಗಿದ ಕೊರಳನ್ನು ಸ್ವಲ್ಪ ಹೊತ್ತು ನೋಡಿದಳು.

‘ಕಂಡಿತವ್ವ’ ಎಂದಳು. ‘ಯಾಕ ಕಾಣಂಗಿಲ್ಲ? ಸ್ವಚ್ಛ ಕಂಡಿತು. ಎಲ್ಲಾ ಗೇಟು ತಗದು ನೀರು ಬಿಟ್ಟಿದ್ರು. ಏನ್ ಹಾಲಿನಂಗ ಬೀಳ್ತಿತ್ತು ಅಂತೀ!’

ಭೂಗೋಳದ ಜಾಣೆ ಬಾಯಿ ತೆರೆದಳು. ಅತ್ತೆ ಸೆರಗಿನ ಮರೆಯಲ್ಲಿ ನನ್ನ ತೋಳನ್ನು ಚಿವುಟಿದ ಕಲೆ ನಾಲ್ಕು ದಿನ ಇತ್ತು.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿವಗಂಗವ್ವ ಬಟ್ಟಲಲ್ಲಿ ಬದನೆಕಾಯಿ ಎಣ್ಣೆಗಾಯಿ ಹಿಡಿದುಕೊಂಡು ಬಂದಳು. ಒಂದು ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದಳು. ಬಟ್ಟಲನ್ನು ಕೆಳಗಿಟ್ಟು, ಸೆರಗಿನ ತುದಿ ತಿರುವುತ್ತ, ಗೋಡೆಗೆ ಹೇಳುವಂತೆ ಹೇಳಿದಳು:

‘ಸುಡೋ ಬ್ಯಾಸಗ್ಯಾಗ ಡ್ಯಾ‌ಮಿನ್ಯಾಗ ನೀರು ಎಲ್ಲಿಂದ ಬಂತಬೇ ನೀಲಾ?’

‘ನೀ ನೋಡಿದ ಡ್ಯಾಮ್ ಎಲ್ಲಿಂದ ಬಂತೋ ಅಲ್ಲಿಂದನ ಬಂತು’ ಎಂದಳು ಅತ್ತೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಕೊನೆಗೆ ಕಣ್ಣೀರು ಒರೆಸಿಕೊಳ್ಳುತ್ತ ಶಿವಗಂಗವ್ವ ಹೇಳಿದಳು: ‘ಪಾಳಿ ನೋಡಿ ನಮ್ಮನಿಯವರು ಹೊಳ್ಳಿ ನಡಿ ಅಂದ್ರಬೇ. ಹತ್ತಬೇಕಂತ ಭಾಳ ಆಸೆ ಇತ್ತು ನನಗ. ಊರಿಗೆ ಬಂದು ಏನಂತ ಹೇಳ್ಲಿ?’

ಅತ್ತೆ ಎಣ್ಣೆಗಾಯಿಗೆ ಬೆರಳು ಅದ್ದಿ ನೆಕ್ಕಿದಳು. ‘ಉಪ್ಪು ಕಮ್ಮಿ ಆಗೇತಿ’ ಎಂದಳು. ‘ಮುಂದಿನ ಸಲ ಇಬ್ಬರೂ ಹೋಗೂಣು.’

ಮುಂದಿನ ವರ್ಷ ಎಕ್ಸಿಬಿಷನ್ ಕೊಪ್ಪಳಕ್ಕೆ ಬಂತು. ಮಾತು ಕೊಟ್ಟಂತೆ ಇಬ್ಬರೂ ಹೋದರು. ಜೊತೆಗೆ ನಾನು. ಸಂಜೆಯ ಹೊತ್ತು, ಹನುಮಂತನ ಬಾಲದಂಥ ಪಾಳಿ. ನಾನು ಅತ್ತೆಯ ಮುಖ ನೋಡಿದೆ. ಬೀಳಬೇಕೋ, ಅಳಬೇಕೋ, ಯಾವುದಕ್ಕೂ ಸಿದ್ಧಳಾಗಿದ್ದೆ. ಆದರೆ ಶಿವಗಂಗವ್ವ ಸುಮ್ಮನೆ ಹೋಗಿ ಬಾಲದಲ್ಲಿ ನಿಂತಳು. ಅತ್ತೆ ಅವಳ ಪಕ್ಕದಲ್ಲಿ ನಿಂತಳು. ನಿಂತದ್ದೇ ಮಾತು ಶುರುವಾಯಿತು. ಒಂದು ವರ್ಷ ಮಾತು ಬಿಟ್ಟಿದ್ದರಲ್ಲ, ಆ ಬಾಕಿ ಇನ್ನೂ ತೀರಿರಲಿಲ್ಲ. ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಬಂದ ವರ ಯಾಕೆ ಹೊಳ್ಳಿ ಹೋದ ಎನ್ನುತ್ತ ಎನ್ನುತ್ತ ಹೆಜ್ಜೆ ತಾವಾಗಿಯೇ ಮುಂದಕ್ಕೆ ಸಾಗಿದವು. ಎರಡು ತಾಸು ಹೇಗೆ ಕಳೆಯಿತೋ, ನಾವು ಬಾಗಿಲಿಗೆ ಬಂದುಬಿಟ್ಟಿದ್ದೆವು.

‘ಬರ್ರಿ ಯಕ್ಕಾ, ನಿಮ್ಮ ಪಾಳಿ ಬಂತು’ ಎಂದ ಟಿಕೇಟಿನವನು.

ಅತ್ತೆ ಅವನ ಕಡೆ ತಿರುಗಲೂ ಇಲ್ಲ. ಶಿವಗಂಗವ್ವನ ಕೈ ಹಿಡಿದುಕೊಂಡೇ ಹಿಂದೆ ನಿಂತವರಿಗೆ ಕೈಯಾಡಿಸಿದಳು: ‘ನೀವು ಮುಂದ ಹೋಗ್ರವ್ವ. ನಮ್ಮ ಮಾತು ಇನ್ನೂ ಮುಗಿದಿಲ್ಲ.’

ಹಿಂದಿದ್ದ ಸಂಸಾರದ ಜೊತೆ ನನ್ನನ್ನು ಹತ್ತಿಸಿದರು. ತೊಟ್ಟಿಲು ಮೇಲೇರಿದಾಗ ನಾನು ಡ್ಯಾಮಿನ ದಿಕ್ಕಿಗೆ ನೋಡಲಿಲ್ಲ. ಕೆಳಗೆ, ಪಾಳಿಯಿಂದ ತುಸು ಪಕ್ಕಕ್ಕೆ ಸರಿದು, ಸೆರಗು ಹೊದ್ದ ಎರಡು ತಲೆ ಒಂದಕ್ಕೊಂದು ಹತ್ತಿಕೊಂಡಿದ್ದವು. ನಾಲ್ಕು ಕೈ ಗಾಳಿಯಲ್ಲಿ ಆಡುತ್ತಿದ್ದವು. ಅವರನ್ನು ಸುತ್ತುಹಾಕಿಕೊಂಡು ಜನ ಒಬ್ಬೊಬ್ಬರೇ ಮುಂದೆ ಹೋಗುತ್ತಿದ್ದರು.